ಕುರ್ಚಿ ಹೊತ್ತು ಘಟಿಕೋತ್ಸವಕ್ಕೆ

ನಾನು ಒಂದು ಸಣ್ಣ ಗೂಡ್ಸ್ ಗಾಡಿ. ಕಾರ್ಖಾನೆಯಿಂದ ಹೊರಬಿದ್ದಾಗ ಹಾಲಿನಂತೆ ಬೆಳ್ಳಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಮೊದಲ ಮಾಲೀಕ ಉಳ್ಳಾಗಡ್ಡಿ ವ್ಯಾಪಾರಿ. ಹೊರಲಾರದಷ್ಟು ಹೇರಿ, ಏರು ಬಂದಾಗ ನನ್ನನ್ನೇ ಬೈಯುತ್ತಿದ್ದ. ಕೊನೆಗೆ ಬೇಸತ್ತು ಮಾರಿದ. ನನಗೂ ಅವನ ಸಹವಾಸ ಸಾಕಾಗಿತ್ತು.

ಕೊಂಡವನು ನರಗುಂದದ ದಾವಲಸಾಬ ನದಾಫ. ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಮನುಷ್ಯ. ನನ್ನ ಎರಡೂ ಮಗ್ಗುಲಿಗೆ ಕೆಂಪಕ್ಷರದಲ್ಲಿ ‘ದಾವಲಸಾಬ ಶಾಮಿಯಾನ’ ಎಂದು ಬರೆಸಿದ. ಹೆಸರು ಬಂದದ್ದೇ ತಡ, ನನಗೆ ಗತ್ತೂ ಬಂತು.

ಅವನ ಮಗಳು ನೂರಜಾನ ಗುಡ್ಡದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿ ಚಿನ್ನದ ಪದಕ ಗಳಿಸಿದಳು. ಘಟಿಕೋತ್ಸವಕ್ಕೆ ಮನೆಮಂದಿಯೆಲ್ಲ ನನ್ನ ಮೇಲೇ ಹೊರಟರು. ಎಲ್ಲರಿಗಿಂತ ಮೊದಲು ಸಿದ್ಧವಾದವಳು ಅಜ್ಜಿ ಮಾಬೂಬಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅವಳೇ. ಆದರೆ ಮಂಡಿನೋವು, ಕೆಳಗೆ ಕೂರಲಾರಳು. ನಮ್ಮ ಮನೆಯಲ್ಲಿ ಕುರ್ಚಿಗೇನು ಬರ? ಅಂಗಡಿಯ ಕಬ್ಬಿಣದ ಕುರ್ಚಿಗಳನ್ನು ಸಾಲಾಗಿ ಇಟ್ಟು, ಹಗ್ಗ ಬಿಗಿದು, ಎಲ್ಲರನ್ನೂ ಕೂರಿಸಿದರು. ದಾರಿಯಲ್ಲಿ ಮಂದಿ ನೋಡಿ ನಕ್ಕರು. ನಗಲಿ ಬಿಡಿ, ಅವರ ಮನೆಯಲ್ಲಿ ಚಿನ್ನದ ಪದಕವಿತ್ತೇ?

ವಿಶ್ವವಿದ್ಯಾಲಯದ ಹತ್ತಿರ ಬಂದರೆ ಎಲ್ಲಿ ನೋಡಿದರೂ ಕಾರು. ಬಂದವರ ಗಾಡಿಗಳೆಲ್ಲ ಕೆಳಗಿನ ಮೈದಾನದಲ್ಲಿ ನಿಲ್ಲಬೇಕು, ಅಲ್ಲಿಂದ ಏರು ಹತ್ತಿ ನಡೆಯಬೇಕು. ನೆಂಟರು ಇಳಿದು ನಡೆದರು. ಅಜ್ಜಿ ಏರನ್ನು ನೋಡಿ ಕುರ್ಚಿಯಲ್ಲೇ ಕೂತುಬಿಟ್ಟಳು. ಮೊಮ್ಮಗಳ ಹೆಸರು ಕರೆಯುವ ಹೊತ್ತು ಹತ್ತಿರವಾಗಿತ್ತು. ದಾವಲಸಾಬ ಧೈರ್ಯ ಮಾಡಿ ನನ್ನನ್ನು ಗೇಟಿಗೇ ತಂದ, ಕೈಮುಗಿದು ಕೇಳಿಕೊಳ್ಳೋಣವೆಂದು.

ಕಾವಲುಗಾರ ನನ್ನ ಮಗ್ಗುಲು ಓದಿದ, ಕುರ್ಚಿ ನೋಡಿದ.

“ಏನ್ರೀ ಸಾಹೇಬ್ರ, ಇಷ್ಟ್ ತಡಾ ಮಾಡೋದೇನ್ರಿ? ಒಳಗ ಕುರ್ಚಿ ಕಡಿಮಿ ಬಿದ್ದು ಮಂದಿ ನಿಂತಾರ. ಹಿಂದಿನ ಬಾಗಲಿಗೆ ಒಯ್ರಿ, ಲಗೂನ!”

ದಾವಲಸಾಬ ನಿಜ ಹೇಳಲು ಬಾಯಿ ತೆರೆದ.

“ಹೊಡಿಯೋ ಗಾಡಿ!” ಎಂದಳು ಅಜ್ಜಿ ಹಿಂದಿನಿಂದ.

ಹೊರಗೇ ನಿಂತ ದೊಡ್ಡ ದೊಡ್ಡ ಕಾರುಗಳ ಮುಂದೆ ಹಾದು ನಾನು ಒಳಗೆ ಹೋದೆ. ಹಾರ್ನ್ ಕೂಡ ಹೊಡೆದೆ. ಸಭಾಂಗಣದ ಹಿಂಬಾಗಿಲಲ್ಲಿ ಹುಡುಗರು ಬಂದು ಕುರ್ಚಿಗಳನ್ನು ಇಳಿಸಿ ಒಳಗೆ ಹಾಕಿದರು. ಮೊದಲ ಕುರ್ಚಿಯ ಮೇಲೆ ಅಜ್ಜಿಯೇ ಕೂತಳು.

“ಅಮ್ಮಾರ, ಇವು ಅತಿಥಿಗಳಿಗ್ರೀ,” ಎಂದ ಒಬ್ಬ ಹುಡುಗ.

“ನಾವೂ ಅತಿಥಿನ ಅದೀವಪಾ. ಕುರ್ಚೀನೂ ನಮ್ಮವ.”

ಆ ಹುಡುಗ ನಕ್ಕು ಮುಂದಿನ ಕುರ್ಚಿ ಎತ್ತಿಕೊಂಡ. ಅಷ್ಟರಲ್ಲೇ ಮೈಕಿನಲ್ಲಿ ನೂರಜಾನ ದಾವಲಸಾಬ ನದಾಫ ಎಂಬ ಹೆಸರು ಮೊಳಗಿತು. ಊರವರ ಹೆಸರುಗಳನ್ನೆಲ್ಲ ತನ್ನ ಮೈಕಿನಲ್ಲಿ ಕೂಗಿಸಿದ ಮನುಷ್ಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟ. ನನಗಂತೂ ಆ ದಿನ ನನ್ನಷ್ಟು ದೊಡ್ಡ ಗಾಡಿ ಲೋಕದಲ್ಲೇ ಇಲ್ಲ ಅನ್ನಿಸಿತು.

ಈಗ ನನಗೆ ಚಕ್ರಗಳಿಲ್ಲ. ಅಂಗಡಿಯ ಹಿತ್ತಲಲ್ಲಿ ನಿಂತಿದ್ದೇನೆ, ಸ್ಟೇರಿಂಗಿನ ಕೆಳಗೆ ಕೋಳಿ ಕಾವು ಕೂತಿದೆ. ಅಜ್ಜಿ ತೀರಿಕೊಂಡಳು. ಅವಳು ಕೂತ ಕುರ್ಚಿ ನನ್ನ ಬೆನ್ನ ಮೇಲೇ ಇದೆ, ಅದನ್ನು ಬಾಡಿಗೆಗೆ ಕೊಡುವುದಿಲ್ಲ. ನೂರಜಾನ ಅದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ. ಅಲ್ಲಿ ಅವಳ ಕಾರಿಗೆ ಬೇರೆಯೇ ಜಾಗವಿದೆಯಂತೆ. ಊರಿಗೆ ಬಂದಾಗ ಮಾತ್ರ ನನ್ನ ಪಕ್ಕದಲ್ಲೇ ತಂದು ನಿಲ್ಲಿಸುತ್ತಾಳೆ.

ಮೊನ್ನೆ ಅವಳ ಜೊತೆ ಬಂದ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ಈ ಗುಜರಿ ಇನ್ನೂ ಯಾಕ ಇಟ್ಟೀರಿ?” ಎಂದು ಕೇಳಿದಳು.

ನೂರಜಾನ ನನ್ನ ಮಾಸಿದ ಹೆಸರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಗುಜರಿ ಅನಬ್ಯಾಡವಾ. ನನ್ನ ಘಟಿಕೋತ್ಸವಕ್ಕ ಬಂದಿದ್ದ ಅತಿಥಿ ಇದು.”