ಊಟ ಬಿಟ್ಟ ದಿನದ ಇನ್ಸುಲಿನ್

ಮಗಳಿಗೆ ನಿನ್ನೆಯಿಂದ ವಾಂತಿ. ಗಂಟಲಲ್ಲಿ ಒಂದು ತುತ್ತೂ ಇಳಿಯುತ್ತಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕದ ಚಾಪೆಯ ಮೇಲೆ ಮುದುರಿ ಮಲಗಿದ್ದಾಳೆ. ಹದಿನಾರರ ಹುಡುಗಿ, ಸಕ್ಕರೆ ಕಾಯಿಲೆ ಬಂದು ವರ್ಷವೂ ತುಂಬಿಲ್ಲ.

ಅವಳಮ್ಮ ಟೈಲರಮ್ಮ ಬಡಪೆಟ್ಟಿಗೆ ಬಗ್ಗುವವಳಲ್ಲ. ಈ ಕಾಯಿಲೆಯ ಮಕ್ಕಳಿಗೂ ಮನೆಯವರಿಗೂ ತರಗತಿ ನಡೆಸುತ್ತೇವೆ, ಬನ್ನಿ ಎಂದು ಆಸ್ಪತ್ರೆಯವರು ಕರೆದಾಗ, "ಜೀವಮಾನವೆಲ್ಲ ಸೂಜಿ ಹಿಡಿದವಳು ನಾನು. ನನಗೇ ಸೂಜಿ ಪಾಠಾನಾ?" ಎಂದು ನಕ್ಕಿದ್ದಳು. ಈಗಲೂ ಅವಳ ಲೆಕ್ಕ ಸರಳ: ಊಟ ಇಲ್ಲ, ಹಾಗಾದರೆ ಇನ್ಸುಲಿನ್ನೂ ಬೇಡ.

ಹೊಲಿಯಲು ಕೊಟ್ಟ ಪ್ಯಾಂಟು ಒಯ್ಯಲು ಬಂದ ಪಕ್ಕದ ಮನೆಯ ಡ್ರೈವರಣ್ಣ ಹೊಸ್ತಿಲಲ್ಲೇ ನಿಂತ. ಅವನ ಮಗನಿಗೂ ಇದೇ ಕಾಯಿಲೆ. ಅಪ್ಪ ಮಗ ಇಬ್ಬರೂ ಆ ತರಗತಿ ಮುಗಿಸಿದ್ದರು.

"ಅಕ್ಕಾ, ಹುಡುಗಿ ಯಾಕೆ ಹೀಗೆ ಏದುಸಿರು ಬಿಡ್ತಿದಾಳೆ? ಇನ್ಸುಲಿನ್ ಕೊಟ್ರಾ?"

"ನಿನ್ನೆಯಿಂದ ಕೊಟ್ಟಿಲ್ಲ ಅಣ್ಣ. ಖಾಲಿ ಹೊಟ್ಟೇಲಿ ಕೊಟ್ರೆ ಶುಗರ್ ಇಳಿದುಹೋಗಲ್ವಾ?"

ಅವನು ಒಳಗೆ ಬಂದು ಬಗ್ಗಿ ಮೂಸಿದ. ಹುಡುಗಿಯ ಉಸಿರಿಗೆ ಕಳಿತ ಹಣ್ಣಿನ ವಾಸನೆ.

"ಅಯ್ಯೋ, ಎಂಥ ಕೆಲಸ ಮಾಡಿದ್ರಿ! ಹುಷಾರಿಲ್ಲದಾಗ ಊಟ ಬಿಟ್ರೂ ಶುಗರ್ ಏರುತ್ತೆ. ಇನ್ಸುಲಿನ್ ನಿಲ್ಲಿಸಿದ್ರೆ ರಕ್ತವೇ ವಿಷ ಆಗಿಬಿಡುತ್ತೆ. ಏಳಿ, ಆಸ್ಪತ್ರೆಗೆ!"

ದಾರಿಯಲ್ಲೇ ಪ್ರಜ್ಞೆ ತಪ್ಪಿದ ಹುಡುಗಿಗೆ ಎಚ್ಚರ ಬರಲು ಎರಡು ದಿನ ಹಿಡಿಯಿತು. ಐಸಿಯು ಬಾಗಿಲಲ್ಲಿ ಕೂತ ಟೈಲರಮ್ಮನಿಗೆ ತನ್ನ ಕೈ ನೋಡಿಕೊಳ್ಳಲೂ ಹೇಸಿಗೆಯಾಗುತ್ತಿತ್ತು. ಹಗೆಯವನೂ ಮಾಡದ್ದನ್ನು ಹೆತ್ತವಳಾಗಿ ಮಾಡಿಬಿಟ್ಟೆನಲ್ಲ ಎಂದು ಬಿಕ್ಕಿದಳು.

ಮುಂದಿನ ತರಗತಿಗೆ ತಾಯಿ ಮಗಳು ಎಲ್ಲರಿಗಿಂತ ಮೊದಲು ಹೋಗಿ ಕೂತರು. ಶುಗರ್ ನೋಡುವುದು, ಊಟಕ್ಕೆ ತಕ್ಕಂತೆ ಇನ್ಸುಲಿನ್ ತೆಗೆದುಕೊಳ್ಳುವುದು, ಎಲ್ಲವನ್ನೂ ನರ್ಸ್ ಮಕ್ಕಳ ಕೈಯಲ್ಲೇ ಮಾಡಿಸಿದರು. ಆಮೇಲೆ ಕೇಳಿದರು: "ವಾಂತಿ ಆಗ್ತಿದ್ರೆ ಇನ್ಸುಲಿನ್ ನಿಲ್ಲಿಸ್ಬಹುದಾ?"

"ನಿಲ್ಲಿಸ್ಬಾರದು," ಎಂದಿತು ಹಿಂದಿನ ಬೆಂಚಿನಿಂದ ಒಂದು ಗಂಡುದನಿ.

"ಗೊತ್ತಿಲ್ದೆ ನಾನು ನಿಲ್ಲಿಸ್ಬಿಟ್ಟಿದ್ದೆ, ಪಕ್ಕದ ಮನೆಯಣ್ಣ ಬಂದು ನೋಡಿದ್ದಕ್ಕೆ ಮಗಳು ಉಳಿದಳು," ಎನ್ನುತ್ತ ಟೈಲರಮ್ಮ ತಿರುಗಿದಳು. ಆತ ಒಬ್ಬನೇ ಕೂತಿದ್ದ. "ನಿಮ್ಮ ಮಗು ಬಂದಿಲ್ವಾ ಅಣ್ಣ?"

"ಇಲ್ಲ ತಾಯಿ. ನಾನೂ ನಿಲ್ಲಿಸಿದ್ದೆ. ಆವತ್ತು ನಮ್ಮನೆ ಬಾಗಿಲಿಗೆ ಯಾರೂ ಬರ್ಲಿಲ್ಲ. ಮಗ ಹೋಗ್ಬಿಟ್ಟ. ಉಳಿದವರಿಗೆ ಹೇಳೋಣ ಅಂತ ಬರ್ತೀನಿ."

ಟೈಲರಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಇಂಥ ತರಗತಿ ಇದೆಯೇ ಎಂದು ಇವತ್ತೇ ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹುಷಾರು ತಪ್ಪಿದಾಗ ನೀವಾಗಿ ಇನ್ಸುಲಿನ್ ನಿಲ್ಲಿಸಬೇಡಿ. ಕೂಡಲೇ ಡಾಕ್ಟರನ್ನು ಕೇಳಿ. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ ಆಸ್ಪತ್ರೆಗೆ ಓಡಿ. ನೀವು ಕಲಿಯುವವರೆಗೆ ಕಾಯಿಲೆ ಕಾದು ಕೂರುವುದಿಲ್ಲ.