ಮಿನಾಜಳ ಎರಡನೇ ಮನೆಭೇಟಿ

ನನ್ನ ಕೈಕೆಳಗೆ ಕಲಿಯಲು ಬರುವವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬೈದರೆ ಅಳುತ್ತ ಕೂರಬೇಡಿ ಅಂತ. ರಾಯಚೂರಿನಲ್ಲಿ ಹುಡುಗಿಯರ ಆಶ್ರಯಮನೆಯೊಂದನ್ನು ನಡೆಸುವ ಸಂಸ್ಥೆಯಲ್ಲಿ ನಾನು ಸಮಾಜ ಕಾರ್ಯಕರ್ತೆ. ಹೆಸರು ಸುನಂದಾ. ಎಂ.ಎಸ್.ಡಬ್ಲ್ಯೂ ಓದುವ ಮಕ್ಕಳು ವರ್ಷವರ್ಷ ನಮ್ಮಲ್ಲಿಗೆ ಬರುತ್ತಾರೆ, ಹಾಜರಿ ಹಾಕಿಸಿಕೊಳ್ಳುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅವರ ಹೆಸರೂ ನನಗೆ ನೆನಪಿರುವುದಿಲ್ಲ. ಈ ಸಲ ಬಂದ ಮಿನಾಜಳ ಹೆಸರನ್ನು ಮಾತ್ರ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಾಡುತ್ತಿದ್ದೇನೆ.

ಮಿನಾಜ್ ಮಾನ್ವಿಯವಳು. ಅಪ್ಪ ಖಾಸಿಂ ಸಾಬ್ ಅಲ್ಲಿನ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದಾರೆ. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಸಣ್ಣ ದನಿ, ಸಣ್ಣ ಮೈ. ಮೊದಲ ವಾರ ಅವಳು ಏನು ಹೇಳಿದರೂ ನಾನು ‘ಏನಂದಿ? ಜೋರು ಹೇಳಬೇ’ ಎನ್ನುತ್ತಿದ್ದೆ. ಇವಳ ಕೈಲಿ ಏನಾಗುತ್ತದೋ ದೇವರಿಗೇ ಗೊತ್ತು ಅಂದುಕೊಂಡೇ ಅವಳಿಗೆ ಐಶ್ವರ್ಯಳ ವಿಷಯ ಒಪ್ಪಿಸಿದೆ.

ಐಶ್ವರ್ಯ ಎಂಟು ವರ್ಷದ ಹುಡುಗಿ. ಹೋದ ವರ್ಷ ರಾಯಚೂರು ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತಿದ್ದಳು. ಪೊಲೀಸರು ನಮ್ಮಲ್ಲಿಗೆ ತಂದುಬಿಟ್ಟರು. ತನ್ನ ಹೆಸರೊಂದನ್ನು ಹೇಳಿದಳು, ಅಷ್ಟೆ. ಊರು ಯಾವುದು, ಅಪ್ಪ ಅವ್ವ ಯಾರು, ಯಾರ ಜೊತೆ ಬಂದೆ? ಯಾರು ಕೇಳಿದರೂ ಬಾಯಿಗೆ ಬೀಗ. ಮುದ್ದು ಮಾಡಿ ಕೇಳಿದ್ದಾಯಿತು, ಚಾಕಲೇಟು ಕೊಟ್ಟು ಕೇಳಿದ್ದಾಯಿತು. ಊಹೂಂ.

ಈ ವರ್ಷ ದೇವದುರ್ಗದಿಂದ ಸೂಗಮ್ಮ ಎಂಬ ಹೆಂಗಸು ಬಂದಳು. ‘ಇದು ನಮ್ಮ ಅಕ್ಕನ ಮಗಳ್ರಿ. ಅಕ್ಕ ಮಲ್ಲಟದಾಗ ತೀರಿಕೊಂಡಳು. ಆಮ್ಯಾಲ ಕೂಸು ಎಲ್ಲಿ ಹೋತೋ ಗೊತ್ತಾಗಲಿಲ್ಲ’ ಎಂದು ರೇಷನ್ ಕಾರ್ಡು, ಹಳೆಯ ಫೋಟೋ ತೋರಿಸಿದಳು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ಹುಡುಗಿಯನ್ನು ಕರೆಸಿದೆ. ಚಿಗವ್ವನನ್ನು ನೋಡಿ ಓಡಿಹೋಗಲಿಲ್ಲ, ಅಳಲಿಲ್ಲ, ನನ್ನ ಸೆರಗು ಹಿಡಿದುಕೊಂಡು ನೆಲ ನೋಡುತ್ತ ನಿಂತುಬಿಟ್ಟಳು. ನನಗೆ ಆಗಲೇ ಅನುಮಾನ ಬಂತು.

ಮಗುವನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಮನೆ ನೋಡಿ, ಮಾತಾಡಿಸಿ ವರದಿ ಕೊಡುವವರು ನಾವು. ಆ ಮನೆ ತಕ್ಕದ್ದು ಎಂದು ಬರೆದರೆ ಹುಡುಗಿಗೆ ಮನೆಯೊಂದು ಸಿಗುತ್ತದೆ. ತಕ್ಕದ್ದಲ್ಲ ಎಂದರೆ ಹದಿನೆಂಟು ತುಂಬುವವರೆಗೂ ನಮ್ಮ ಆಶ್ರಯಮನೆಯ ದೊಡ್ಡ ಕೋಣೆಯಲ್ಲೇ ಸಾಲಾಗಿ ಹಾಸಿದ ಹಾಸಿಗೆಯಲ್ಲಿ ಮಲಗಬೇಕು. ನನ್ನ ಹೆದರಿಕೆಯೇ ಬೇರೆ. ಅಕ್ಕನ ಮಗಳು, ತಂಗಿಯ ಮಗಳು ಎಂದು ಕರೆದೊಯ್ದು ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟುವ ಎಷ್ಟು ಮಂದಿಯನ್ನು ನೋಡಿಲ್ಲ ನಾನು!

ಮುಂಚೆಯೇ ತಿಳಿಸಿ ದೇವದುರ್ಗಕ್ಕೆ ಹೋದೆವು. ಎರಡು ಸಣ್ಣ ಕೋಣೆಯ ಮನೆ. ಒಳಗೆ ಕಬ್ಬಿಣದ ಮಂಚ, ಅಲಮಾರಿ, ಟೇಬಲ್ ಫ್ಯಾನು, ಓದುವ ಮೇಜು. ಕಾಲಿಡಲು ಜಾಗವಿಲ್ಲ. ಮಿನಾಜ್ ಪ್ರಶ್ನೆಗಳ ಹಾಳೆ ತೆಗೆದು ಒಂದೊಂದನ್ನೇ ಓದತೊಡಗಿದಳು.

‘ಮಗೂನ ಶಾಲಿಗೆ ಕಳಿಸ್ತೀರಾ?’

‘ಹೂಂ ರೀ.’

‘ಮೂರು ಹೊತ್ತು ಊಟ ಹಾಕ್ತೀರಾ?’

‘ಹೂಂ ರೀ.’

‘ಕೆಲಸಕ್ಕ ಹಚ್ಚಂಗಿಲ್ಲಲ್ಲ?’

‘ಹೂಂ ರೀ... ಇಲ್ರಿ, ಇಲ್ರಿ.’

ನಾನು ಹಲ್ಲು ಕಚ್ಚಿಕೊಂಡು ಚಹಾ ಕುಡಿದೆ. ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಮನೆಯವರ ಹೆಸರು ಕೊರೆಸುತ್ತಾರೆ. ನನ್ನ ಚಹಾ ಗ್ಲಾಸಿನ ಮೇಲೆ ‘ಶರಣಯ್ಯ’ ಅಂತಿತ್ತು. ನೀರಿನ ಚರಗಿಯ ಮೇಲೆ ‘ಜಾಹೆದಾ’. ಅವಲಕ್ಕಿ ಕೊಟ್ಟ ತಾಟಿನ ಮೇಲೆ ‘ಮುದುಕಪ್ಪ’. ಸೂಗಮ್ಮನ ಹೆಸರು ಎಲ್ಲೂ ಇರಲಿಲ್ಲ.

ಹೊರಗೆ ಬಂದವಳೇ ನಾನು ಸಿಡಿದೆ. ‘ಮನಿ ತುಂಬ ಮಂದಿ ಸಾಮಾನು! ನಮ್ಮ ಕಣ್ಣಿಗೆ ಮಣ್ಣು ಎರಚಾಕ ನಿಂತಾಳ. ಇಷ್ಟು ಸುಳ್ಳು ಹೇಳಾಕಿ ಹುಡುಗೀನ ಹೊಲಕ್ಕ ಅಟ್ಟಂಗಿಲ್ಲಂತ ಏನು ಗ್ಯಾರಂಟಿ? ತಕ್ಕದ್ದಲ್ಲ ಅಂತ ಬರಿ, ಮುಗೀತು.’

‘ನಾನೂ ನೋಡಿದೆ ಮೇಡಂ. ಬಾಗಿಲದ ಬಾಜೂಕ ಗ್ವಾಡಿ ಸುಣ್ಣ ಈಗೀಗ ಕಿತ್ತದ, ಮಂಚ ಮೊನ್ನಿ ಒಳಗ ತಂದಾರ’ ಎಂದಳು ಮಿನಾಜ್. ‘ಆದ್ರ ಮೂರು ಮನಿಯವ್ರು ತಮ್ಮ ಸಾಮಾನು ಹೊತ್ತು ತಂದು ಕೊಟ್ಟಾರಂದ್ರ, ಆಕಿಗಿ ಓಣ್ಯಾಗ ಮಂದಿ ಅದಾರಲ್ರಿ? ಇವತ್ತ ನಾ ಆಕಿಗಿ ಏನೂ ಕೇಳಿಲ್ಲ ಮೇಡಂ. ಬರೇ ಹೂಂ ಅನಿಸಿ ಬಂದೀನಿ. ಇನ್ನೊಮ್ಮಿ ಬರ್ತೀನ್ರಿ.’

ತನ್ನ ಸೋಲನ್ನು ನಾನು ಬೈಯುವ ಮೊದಲೇ ತಾನೇ ಎತ್ತಿ ಮುಂದಿಟ್ಟಳಲ್ಲ, ಅದು ನನಗೆ ಹಿಡಿಸಿತು. ಬಸ್ಸು ಗಬ್ಬೂರು ದಾಟುವವರೆಗೂ ಅವಳಿಗೆ ಪಾಠ ಹೇಳಿದೆ. ‘ಹೂಂ ಅಂತ ಮುಗಿಸಾಕ ಬರೋ ಪ್ರಶ್ನಿ ಕೇಳಬ್ಯಾಡ ಬೇ. ಆಕಿ ಸುಮ್ಮ ಆದ್ರ ನೀನೂ ಸುಮ್ಮ ಆಗು. ಗಡಬಡಿಸಿ ಇನ್ನೊಂದು ಪ್ರಶ್ನಿ ತುರುಕಬ್ಯಾಡ. ಹಾಳಿ ನೋಡಬ್ಯಾಡ, ಆಕಿ ಮಾರಿ ನೋಡು.’

ಆ ವಾರ ಆಫೀಸಿನಲ್ಲಿ ನಾನೇ ಸೂಗಮ್ಮನಾದೆ. ತಲೆಯ ಮೇಲೆ ಸೆರಗು ಹೊದ್ದು ಕುಕ್ಕರುಗಾಲಿನಲ್ಲಿ ಕೂತು, ಅವಳು ಏನು ಕೇಳಿದರೂ ತಪ್ಪಿಸಿಕೊಳ್ಳುತ್ತಿದ್ದೆ. ಅಡುಗೆಯವರು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿನಾಜ್ ನಗಲಿಲ್ಲ. ಒಂದು ಸಲ ನಾನು ಬಾಯಿ ಮುಚ್ಚಿ ಕೂತೆ, ಅವಳೂ ಕೂತಳು. ನೋಡೋಣ ಎಂದು ಇನ್ನೂ ಕೂತೆ. ಆ ಹುಡುಗಿ ಅಲ್ಲಾಡಲಿಲ್ಲ, ಕಣ್ಣಲ್ಲಿ ಅವಸರವಿಲ್ಲ. ಕೊನೆಗೆ ತಡೆಯಲಾರದೆ ಮಾತಾಡಿದ್ದು ನಾನೇ. ಎಲಾ ಹುಡುಗಿ!

ಮತ್ತೆ ಹೊರಟ ದಿನ ಬಸ್ಸಿಳಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದಳು, ‘ಮೇಡಂ, ಸಿಟ್ಟಾಗಬ್ಯಾಡ್ರಿ. ಇವತ್ತ ಒಳಗ ನೀವು ಏನೂ ಮಾತಾಡದೇ ಕುಂದರ್ತೀರಾ?’

ನನಗೇ ಬಾಯಿ ಮುಚ್ಚಿಕೊಂಡು ಕೂರು ಅನ್ನುವ ಧೈರ್ಯ! ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಝಾಡಿಸಿಬಿಡುತ್ತಿದ್ದೆ. ‘ಆತು ನಡಿಬೇ’ ಎಂದೆ.

ಈ ಸಲ ಹೇಳದೆ ಹೋಗಿದ್ದೆವು. ಮಂಚವಿಲ್ಲ, ಅಲಮಾರಿಯಿಲ್ಲ. ಒಂದು ಚಾಪೆ, ಒಂದು ಟ್ರಂಕು, ನಾಲ್ಕು ಪಾತ್ರೆ. ನಮ್ಮನ್ನು ನೋಡಿ ಸೂಗಮ್ಮನ ಮುಖದಲ್ಲಿ ರಕ್ತ ಇಂಗಿಹೋಯಿತು. ಮಿನಾಜ್ ಏನೂ ಆಗಿಲ್ಲವೆಂಬಂತೆ ಚಾಪೆಯ ಮೇಲೆ ಕೂತು, ‘ಇವತ್ತ ಚಲೋ ಆತಕ್ಕ, ಕಾಲು ಚಾಚಾಕ ಜಾಗ ಅದ. ಮೊನ್ನಿ ಮಂಚದ ಕಾಲು ನನ್ನ ಮೊಣಕಾಲಿಗೆ ಬಡೀತಿತ್ತು’ ಎಂದಳು. ಸೂಗಮ್ಮ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ಬಂದೇ ಬಂತು.

ಮಿನಾಜ್ ಹಾಳೆ ತೆಗೆಯಲಿಲ್ಲ. ‘ಐಶ್ವರ್ಯ ಈ ಮನಿಗೆ ಬಂದಾಳ ಅಂತ ತಿಳೀರಿ ಅಕ್ಕ. ಮುಂಜಾನಿ ಎದ್ದಾಗಿಂದ ಆ ದಿನ ಹೆಂಗ ಹೋಗ್ತದ, ನನಗ ಹೇಳ್ರಿ’ ಎಂದು ಸುಮ್ಮನಾದಳು.

ಸೂಗಮ್ಮ ಸ್ವಲ್ಪ ಹೊತ್ತು ಉಗುರು ನೋಡಿಕೊಂಡಳು. ಆಮೇಲೆ ಶುರುವಾಯಿತು. ‘ಕೂಗಿ ಎಬ್ಬಿಸಿದ್ರ ಅಳ್ತಾಳ್ರಿ. ಅಂಗಾಲು ತಿಕ್ಕಬೇಕು, ತಾನೇ ಏಳ್ತಾಳ. ಎಡಗೈಲೆ ಉಣ್ತಾಳ, ಬೈದ್ರ ತಾಟು ಬಿಟ್ಟು ಎದ್ದು ಹೋಗ್ತಾಳ. ನಾ ಹೊಲಕ್ಕ ಹೋದ್ರ ಜಾಹೆದಾ ಆಪಾ ಶಾಲಿಗೆ ಬಿಟ್ಟು ಬರ್ತೀನಿ ಅಂದಾಳ. ನಾ ದುಡಿಯಾಕಿ, ಆಕಿ ಓದಾಕಿ. ರೊಟ್ಟಿ ಹಾಲಿನಾಗ ನೆನಿಸಿ ಕೊಡಬೇಕ್ರಿ, ಮುಂದಿನ ಎರಡೂ ಹಲ್ಲು ಬಿದ್ದಾವ, ಕಡಿಯಾಕ ಬರಂಗಿಲ್ಲ...’

ನನಗೆ ಚುರುಕ್ ಎಂದಿತು. ಐಶ್ವರ್ಯಳ ಮುಂದಿನ ಹಲ್ಲುಗಳು ಈಗ ಬಂದಿವೆ. ಅವು ಇಲ್ಲದಿದ್ದದ್ದು ನಮ್ಮಲ್ಲಿಗೆ ಬಂದ ಹೊಸತರಲ್ಲಿ. ಅಕ್ಕ ಸತ್ತ ಮೇಲೆ ಕೂಸು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದವಳಿಗೆ ಆ ಹಲ್ಲಿನ ವಿಷಯ ಹೇಗೆ ಗೊತ್ತು? ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಿನಾಜಳ ಕೈ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು.

‘ಹಲ್ಲು ಬಿದ್ದಾಗ ಆಕಿ ನಿಮ್ಮ ಹತ್ರಾನೇ ಇದ್ದಳು’ ಎಂದಳು ಮಿನಾಜ್. ಪ್ರಶ್ನೆಯಂತೆ ಕೇಳಲಿಲ್ಲ, ಬೈಗುಳದಂತೆಯೂ ಅಲ್ಲ.

ಹೊರಗೆ ಯಾರೋ ನಳದ ಕೆಳಗೆ ಕೊಡ ಇಟ್ಟ ಸದ್ದು. ಕೊಡ ತುಂಬಿ ಚೆಲ್ಲುವವರೆಗೂ ಒಳಗೆ ಮಾತಿಲ್ಲ. ಮಿನಾಜ್ ಸೂಗಮ್ಮನ ಮುಖ ನೋಡುತ್ತಲೇ ಇದ್ದಳು.

‘ನಾನೇ ಬಿಟ್ಟು ಬಂದೀನಿ ಯವ್ವಾ’ ಎಂದಳು ಸೂಗಮ್ಮ. ‘ಬಸ್‌ ಸ್ಟ್ಯಾಂಡಿನಾಗ. ಈ ಕೈಲೆ ಕುಂದ್ರಿಸಿ ಬಂದೀನಿ.’

ಅಕ್ಕ ಕ್ಷಯದಿಂದ ಸತ್ತ ಮೇಲೆ ಹುಡುಗಿಯನ್ನು ತಂದಿಟ್ಟುಕೊಂಡವಳು ಇವಳೇ. ಕೆಲವು ತಿಂಗಳಿಗೆ ಇವಳಿಗೂ ಕೆಮ್ಮು ಹತ್ತಿತು, ಕಫದಲ್ಲಿ ರಕ್ತ ಬಿತ್ತು. ತಾನೂ ಸಾಯುತ್ತೇನೆ, ಒಂದೇ ಕೋಣೆಯಲ್ಲಿ ಮಲಗುವ ಕೂಸಿಗೂ ಹತ್ತುತ್ತದೆ ಎಂದು ತಲೆ ಕೆಟ್ಟುಹೋಯಿತು. ‘ಸರಕಾರದೋರು ಸಾಕ್ತಾರ, ಉಣ್ಣಾಕ ಹಾಕ್ತಾರ ಅಂದ್ಕೊಂಡೆ. ನನ್ನ ಹೆಸರು, ಊರು ಹೇಳಿದ್ರ ತಿರುಗಿ ಕಳಿಸಿಬಿಡ್ತಾರಲ್ರಿ. ಅದಕ್ಕ, ನಾ ಆರಾಮಾಗಿ ಬರೋತನಕ ಯಾರಿಗೂ ಹೇಳಬ್ಯಾಡವ್ವ ಅಂತ ಕೂಸಿಗೆ ಹೇಳಿದೆ. ಪೊಲೀಸ್ರು ಆಕೀನ ಎಬ್ಬಿಸಿಕೊಂಡು ಹೋಗೋತನಕ ಚಹಾದ ಅಂಗಡಿ ಹಿಂದ ನಿಂತಿದ್ದೆ. ಈಗ ಗುಳಿಗಿ ಎಲ್ಲ ನುಂಗಿ ಮುಗಿಸೀನಿ, ದವಾಖಾನ್ಯಾಗ ಆರಾಮ ಆಗೇದ ಅಂದಾರ. ಆದ್ರ ಬಿಟ್ಟು ಹೋದಾಕಿ ಅಂತ ಗೊತ್ತಾದ್ರ ಕೂಸು ಕೊಡ್ತಾರೇನ್ರಿ? ನನ್ನ ಜೈಲಿಗೆ ಹಾಕಂಗಿಲ್ಲೇನ್ರಿ?’

ನನಗೆ ಅಳು ಬಂತು, ಸಿಟ್ಟೂ ಬಂತು. ನಾನಾಗಿದ್ದರೆ ಅವಳನ್ನು ಬೈಯುತ್ತಿದ್ದೆ, ಇಲ್ಲವೇ ಏನೂ ಆಗುವುದಿಲ್ಲ ಬಿಡವ್ವ ಎಂದು ಸುಳ್ಳು ಸಮಾಧಾನ ಹೇಳುತ್ತಿದ್ದೆ. ಮಿನಾಜ್ ಎರಡನ್ನೂ ಮಾಡಲಿಲ್ಲ. ಸೂಗಮ್ಮನ ಬಿಕ್ಕಳಿಕೆ ಇಳಿಯಲು ಬಿಟ್ಟು ಹೇಳಿದಳು, ‘ಅಕ್ಕ, ಇದನ್ನ ನಾ ಮುಚ್ಚಿಡಾಕ ಬರಂಗಿಲ್ಲ. ವರದ್ಯಾಗ ಬರೀತೀನಿ. ಯಾಕ ಬಿಟ್ರಿ ಅನ್ನೋದನ್ನೂ ನೀವು ಹೇಳಿದಂಗ ಬರೀತೀನಿ. ಸಮಿತಿ ಮುಂದ ನೀವೇ ಹೇಳ್ರಿ. ನಾ ಬಾಜೂಕ ಇರ್ತೀನಿ.’

‘ಕೊಡಂಗಿಲ್ಲ ಅಂದ್ರ?’

‘ಏನಂತಾರೋ ನನಗ ಗೊತ್ತಿಲ್ಲಕ್ಕ.’

ಗೊತ್ತಿಲ್ಲ ಎನ್ನುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು! ಇಷ್ಟು ವರ್ಷ ಈ ಕೆಲಸದಲ್ಲಿದ್ದೇನೆ, ಅಳುವವರ ಎದುರು ಆ ಮಾತು ಅಷ್ಟು ನೇರವಾಗಿ, ಅಷ್ಟು ಮೆತ್ತಗೆ ಹೇಳಿದವರನ್ನು ನಾನು ನೋಡಿರಲಿಲ್ಲ. ಆ ಸಣ್ಣ ಮೈಯ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸಮಿತಿಯ ದಿನ ಸೂಗಮ್ಮ ಎಲ್ಲವನ್ನೂ ತಾನೇ ಹೇಳಿದಳು. ಸಮಿತಿಯವರು ವರದಿ ಓದಿದರು, ದವಾಖಾನೆಯ ಚೀಟಿ ನೋಡಿದರು. ಸಾಮಾನು ಕೊಟ್ಟಿದ್ದ ಜಾಹೆದಾ, ಶರಣಯ್ಯ ತಾವೇ ಬಸ್ ಹತ್ತಿ ಬಂದಿದ್ದರು, ಅವರನ್ನೂ ಕೇಳಿದರು. ಆಮೇಲೆ ಐಶ್ವರ್ಯಳನ್ನು ಕರೆಸಿ, ‘ಇವರು ಯಾರು ಗೊತ್ತೇನಮ್ಮ?’ ಎಂದರು. ಹುಡುಗಿ ನೆಲ ನೋಡುತ್ತ ನಿಂತಳು. ಇನ್ನೊಮ್ಮೆ ಕೇಳಿದರು. ಊಹೂಂ.

ಮಿನಾಜ್ ಸೂಗಮ್ಮನ ಕಡೆ ಬಾಗಿ, ‘ಅಕ್ಕ, ಹೇಳಬ್ಯಾಡ ಅಂದಾಕಿ ನೀವು. ನೀವೇ ಬಿಡಿಸಬೇಕು’ ಎಂದಳು.

ಸೂಗಮ್ಮ ಎದ್ದು ನಿಂತಳು. ‘ಐಸೂ, ನಾ ಬಂದೀನವ್ವ. ಈಗ ಹೇಳು.’

ಹುಡುಗಿ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು. ‘ಕೆಮ್ಮು ಹೋತಾ?’

‘ಹೋತವ್ವ. ಪೂರಾ ಹೋತು.’

ಐಶ್ವರ್ಯ ಸಮಿತಿಯವರ ಕಡೆ ತಿರುಗಿದಳು. ‘ಈಕಿ ನಮ್ಮ ಚಿಗವ್ವ. ಹೆಸರು ಸೂಗಮ್ಮ. ದೇವದುರ್ಗದಾಗ ನಮ್ಮ ಮನಿ ಅದ, ಬಾಜೂಕ ಜಾಹೆದಾ ಆಪಾನ ಮನಿ. ನಮ್ಮ ಅವ್ವ ಮಲ್ಲಟದಾಗ ಸತ್ತಳು.’ ಒಂದು ವರ್ಷದಿಂದ ನಾವೆಲ್ಲ ಕೇಳಿ ಕೇಳಿ ಸೋತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಮೇಲೆ ಓಡಿಹೋಗಿ ಚಿಗವ್ವನ ಸೀರೆಯಲ್ಲಿ ಮುಖ ಹುದುಗಿಸಿದಳು.

‘ನಾ ಯಾರಿಗೂ ಹೇಳಿಲ್ಲ ಚಿಗವ್ವ’ ಎಂದಳು. ‘ಒಬ್ರಿಗೂ ಹೇಳಿಲ್ಲ.’

ಬಿಟ್ಟುಹೋದದ್ದು ರೋಗದ ಹೆದರಿಕೆಗೆ ಎಂಬುದನ್ನು ಒಪ್ಪಿ, ಸಮಿತಿಯವರು ಅಂದೇ ಹುಡುಗಿಯನ್ನು ಸೂಗಮ್ಮನ ಕೈಗೆ ಕೊಟ್ಟರು.