ಎಪ್ಪತ್ತೆರಡು ಪುಟಗಳ ಗೃಹಸಾಲ

ಗೃಹಸಾಲದ ಪತ್ರವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಬ್ಯಾಂಕಿನವರಿಗೆ ಮೈಮೇಲೆ ಹಲ್ಲಿ ಬಿದ್ದಂತಾಗುತ್ತದೆ. ಆ ಪತ್ರವನ್ನು ಬರೆದಿರುವುದು ಓದಲಿಕ್ಕಲ್ಲ, ಸಹಿ ಹಾಕಿಸಿಕೊಳ್ಳಲಿಕ್ಕೆ. ಅಕ್ಷರ ಇರುವೆಯಷ್ಟು, ವಾಕ್ಯ ಗೂಡ್ಸ್ ರೈಲಿನಷ್ಟು. ಸಹಿಯ ಜಾಗಕ್ಕೆ ಮಾತ್ರ ಕುರುಡನಿಗೂ ಕಾಣುವಂಥ ಹಳದಿ ಚೀಟಿ.

ಇದೆಲ್ಲ ಟೈಲರಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಇವತ್ತು ನಾಲ್ಕು ಗಂಟೆಯೊಳಗೆ ಸಾಲದ ಚೆಕ್ಕು ಕೈಗೆ ಬರದಿದ್ದರೆ ಮನೆ ತಪ್ಪಿಹೋಗುತ್ತದೆ. ಎರಡು ಕೋಣೆಯ ಮನೆ, ಹಿಂದುಗಡೆ ಒಂದು ಪುಟ್ಟ ಕೋಣೆ, ಆ ಕೋಣೆಗೊಂದು ಅಗಲವಾದ ಕಿಟಕಿ. ಹದಿನೆಂಟು ವರ್ಷ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಬಲ್ಬು ಹಚ್ಚಿಕೊಂಡು, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಕಣ್ಣು ಸವೆಸಿಕೊಂಡವಳಿಗೇ ಕಿಟಕಿಯ ಬೆಲೆ ಗೊತ್ತು. ಮಾರುವವನು ಹಲ್ಲಿನ ಡಾಕ್ಟರು. "ನಾಲ್ಕಕ್ಕೆ ಇನ್ನೊಂದು ಪಾರ್ಟಿ ಬರ್ತಿದೆ. ಆಮೇಲೆ ನನ್ನ ಬೈಬೇಡಿ" ಎಂದಿದ್ದ.

ಹನ್ನೊಂದೂವರೆಗೆ ಅವಳು ಬ್ಯಾಂಕಿಗೆ ಬಂದಾಗ ಜೊತೆಗಿದ್ದವರು ಇಬ್ಬರು. ಒಬ್ಬ ಗಂಡ, ಲಿಫ್ಟ್ ಮೆಕ್ಯಾನಿಕ್ಕು. ಇನ್ನೊಬ್ಬಳು ಅವನ ತಂಗಿ, ಅಂದರೆ ನಾದಿನಿ. ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ಮೂವರು ಹೊಲಿಯುತ್ತಾರೆ, ನಾದಿನಿ ಓದುತ್ತಾಳೆ. ಕೂಲಿ ನಾಲ್ವರಿಗೂ ಸಮ. ಪತ್ರಿಕೆ, ಕಾದಂಬರಿ, ಕೆಮ್ಮಿನ ಔಷಧದ ಚೀಟಿ, ಏನು ಸಿಕ್ಕರೆ ಅದು, ಪಾತ್ರಕ್ಕೊಂದು ದನಿ. ಕೇಳಿ ಕೇಳಿ ಟೈಲರಮ್ಮನಿಗೆ ಒಂದು ಚಟ ಅಂಟಿತ್ತು: ಕೈಯಲ್ಲಿ ಸೂಜಿ ಇರಬೇಕು, ಮಾತು ಕಿವಿಗೆ ಬೀಳಬೇಕು. ಇಲ್ಲದಿದ್ದರೆ ಒಂದಕ್ಷರವೂ ತಲೆಗೆ ಹತ್ತದು.

"ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದ ಮ್ಯಾನೇಜರು, ಹಳದಿ ಚೀಟಿಗಳನ್ನು ತೋರಿಸುತ್ತ. "ಹತ್ತು ನಿಮಿಷದ ಕೆಲಸ."

ಟೈಲರಮ್ಮ ಚೀಲದಿಂದ ಅರ್ಧ ಅಂಚು ಕಟ್ಟಿದ ಪರದೆ ತೆಗೆದಳು. ಸೂಜಿಗೆ ದಾರ ಪೋಣಿಸಿದಳು. "ಓದೇ" ಎಂದಳು.

ನಾದಿನಿ ಗಂಟಲು ಸರಿಮಾಡಿಕೊಂಡಳು. ಸಾಲಗಾರಳಿಗೆ ಮಳೆಯಲ್ಲಿ ನೆನೆದ ಬೆಕ್ಕಿನ ದನಿ, ಬ್ಯಾಂಕಿಗೆ ಮೂಗಿನಲ್ಲಿ ಗುರುಗುಟ್ಟುವ ಖಳನ ದನಿ. ಸರದಿಯಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಅಮ್ಮಾ, ದನಿ ಬೇಡ, ಪ್ಲೀಸ್" ಎಂದ ಮ್ಯಾನೇಜರು.

"ದನಿ ಇಲ್ದಿದ್ರೆ ಯಾರು ಯಾರಿಗೆ ಟೋಪಿ ಹಾಕ್ತಿದಾರೆ ಅಂತ ಹೇಗೆ ಗೊತ್ತಾಗ್ಬೇಕು ಸಾರ್?" ಎಂದಳು ನಾದಿನಿ.

ಒಂಬತ್ತನೇ ಪುಟದಲ್ಲಿ ಸೂಜಿ ನಿಂತಿತು.

"ಬಡ್ಡಿ ಏರಿದ್ರೆ ನನ್ನ ಕಂತೂ ತಾನಾಗೇ ಏರುತ್ತೆ, ಸರಿ. ಇಳಿದ್ರೆ?"

"ಇಳಿದ್ರೆ ನೀವು ಅರ್ಜಿ ಕೊಡ್ಬೇಕು."

ಲಿಫ್ಟ್ ಮೆಕ್ಯಾನಿಕ್ಕು ಮೊದಲ ಸಲ ಬಾಯಿಬಿಟ್ಟ. "ಮೇಲೆ ಹೋಗೋಕೆ ಬಟನ್ನೇ ಬೇಡ, ಕೆಳಗೆ ಬರೋಕೆ ಮಾತ್ರ ಅರ್ಜಿ! ಅಂಥ ಲಿಫ್ಟ್ ಸಿಕ್ರೆ ನಾವು ಬೀಗ ಜಡಿದು ಬರ್ತೀವಿ ಸಾರ್."

"ಇಳಿದಾಗ್ಲೂ ತಾನಾಗೇ ಇಳಿಯೋ ಸಾಲ ಇಲ್ವಾ?" ಎಂದಳು ಟೈಲರಮ್ಮ.

"ಇದೆ. ಕೇಳಿದವರಿಗೆ ಕೊಡ್ತೀವಿ."

ಇಪ್ಪತ್ತೆರಡನೇ ಪುಟದಲ್ಲಿ, ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಎಂದಿತ್ತು. ದಂಡವಿಲ್ಲದ ಸಾಲ? ಅದೂ ಇತ್ತು. ಕೇಳಿದವರಿಗೆ. ಮೂವತ್ತನೇ ಪುಟದಲ್ಲಿ ಖಾಲಿ ಬಿಟ್ಟಿದ್ದ ನಾಲ್ಕು ಸಾಲು. "ಆಮೇಲೆ ತುಂಬ್ಕೋತೀವಿ" ಎಂದ ಮ್ಯಾನೇಜರು. "ಹಾಗಾದ್ರೆ ಸಹೀನೂ ಆಮೇಲೇ ಹಾಕ್ತೀನಿ" ಎಂದಳು ಅವಳು. ಅವನು ಹಲ್ಲು ಕಚ್ಚಿಕೊಂಡು ಅಡ್ಡಗೆರೆ ಎಳೆದ. ಕೇಳಿದವರಿಗೆ! ಈ ಒಂದು ಪದದ ಮೇಲೆ ಎಷ್ಟು ಗಾಜಿನ ಕಟ್ಟಡಗಳು ನಿಂತಿವೆಯೋ. ಕೇಳಲು ಬಾಯಿ ಬಾರದಂತೆ ನಮ್ಮನ್ನು ಬೆಳೆಸುವುದು, ಆಮೇಲೆ ಕೇಳಲಿಲ್ಲವೆಂದು ದಂಡ ಹಾಕುವುದು. ಇದಕ್ಕಿಂತ ಜೇಬಿಗೆ ನೇರವಾಗಿ ಕೈಹಾಕುವ ಕಳ್ಳನೇ ಮರ್ಯಾದಸ್ಥ. ಅವನು ನಮ್ಮ ಸಹಿ ಕೇಳುವುದಿಲ್ಲ.

ಮೂರು ಗಂಟೆ ಹೊತ್ತಿಗೆ ಸರದಿ ಇರಲಿಲ್ಲ. ಇದ್ದ ಕುರ್ಚಿಗಳೆಲ್ಲ ನಾದಿನಿಯ ಸುತ್ತ ಬಂದಿದ್ದವು. ಕ್ಯಾಷಿಯರು ಕಿಂಡಿ ಮುಚ್ಚಿ ಬಂದು ನಿಂತಿದ್ದ. ನಲವತ್ತೇಳನೇ ಪುಟ ತಿರುಗಿತು.

"'ಸಾಲಗಾರರು ಸದರಿ ಹಡಗನ್ನು ದಡದಿಂದ ಹನ್ನೆರಡು ಮೈಲಿಗಿಂತ ಆಚೆ ಒಯ್ಯತಕ್ಕದ್ದಲ್ಲ. ವರ್ಷಕ್ಕೊಮ್ಮೆ ಅದರ ತಳಕ್ಕೆ ತುಕ್ಕು ಹಿಡಿಯದ ಬಣ್ಣ ಬಳಿಯತಕ್ಕದ್ದು. ಪ್ರತಿ ಕಂತಿನೊಡನೆ ಹಡಗಿನ ವಿಮೆ ಕಟ್ಟತಕ್ಕದ್ದು.'" ನಾದಿನಿಯ ದನಿ ದಾರಿ ತಪ್ಪಿತು. "ಅತ್ತಿಗೆ, ಹಡಗಿಗೆ ಯಾವ ದನಿ ಹಾಕ್ಲಿ?"

ಆ ಊರಿನಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ.

ಮ್ಯಾನೇಜರು ಪುಟವನ್ನು ಕಿತ್ತುಕೊಂಡು ನೋಡಿದ. ಹಿಂದೆಂದೋ ಯಾರೋ ಮೀನುಗಾರಿಕೆ ಸಾಲದ ಒಂದು ಹಾಳೆಯನ್ನು ಗೃಹಸಾಲದ ಕಟ್ಟಿಗೆ ಸೇರಿಸಿದ್ದರು. ಅಂದಿನಿಂದ ಅದು ನಕಲಾಗುತ್ತಲೇ ಬಂದಿತ್ತು. ಬರೆದವನು ಓದಿರಲಿಲ್ಲ, ಕೊಟ್ಟವನು ಓದಿರಲಿಲ್ಲ, ಸಹಿ ಹಾಕಿದವನಂತೂ ಓದಿರಲಿಲ್ಲ. ಆದರೆ ಕಂಪ್ಯೂಟರು ಮಾತ್ರ ಶ್ರದ್ಧೆಯಿಂದ ಓದಿ, ತಿಂಗಳು ತಿಂಗಳು ವಿಮೆಯ ಹಣ ಮುರಿದುಕೊಂಡಿತ್ತು.

ಹಿಂದಿನಿಂದ ಒಂದು ಮುದಿ ದನಿ ಎದ್ದಿತು. ನಿವೃತ್ತ ಪೋಸ್ಟ್‌ಮ್ಯಾನು, ಎಲ್ಲರ ಬಾಯಲ್ಲಿ ಚಷ್ಮಾ ತಾತ. "ಒಂಬತ್ತು ವರ್ಷದಿಂದ ನನ್ನ ಕಂತಲ್ಲಿ 'ಇತರೆ' ಅಂತ ಒಂದು ಬಾಬ್ತು ಇದೆಯಲ್ಲಪ್ಪ. ಏನಿದು ಅಂದ್ರೆ ನೀನೇ 'ಎಲ್ರಿಗೂ ಇರುತ್ತೆ ತಾತ, ಹೋಗಿ' ಅಂದಿದ್ದೆ. ಇದೇನಾ ಅದು?"

ಮ್ಯಾನೇಜರು ಪುಟವನ್ನು ಕಡತದಡಿಗೆ ಸರಿಸಿದ.

"ಹಾಗಾದ್ರೆ ನನ್ನ ಹಡಗೆಲ್ಲಿ?"

ಯಾರೋ ನಕ್ಕರು. ಮರುಕ್ಷಣ ತಮ್ಮ ತಮ್ಮ ಕಂತು ನೆನಪಾಗಿ ನಗು ನಿಂತಿತು. "ನಂದೆಲ್ಲಿ?" ಎಂದಿತು ಇನ್ನೊಂದು ದನಿ. ಕ್ಯಾಷಿಯರು ಕೂಡ "ನಂಗೂ ಇಲ್ಲೇ ಸಾಲ ಇದೆ" ಎಂದ. ಐದೇ ನಿಮಿಷ, ಗಾಜಿನ ಬಾಗಿಲು ಅದುರುವಂತೆ ಘೋಷಣೆ ಎದ್ದಿತು: "ಕೊಡಿ ಕೊಡಿ! ನಮ್ಮ ಹಡಗು ನಮಗೆ ಕೊಡಿ!"

ಗಂಡ ಗಡಿಯಾರ ತೋರಿಸಿದ. ಮೂರೂ ಕಾಲು. "ಲೇ, ಆ ಡಾಕ್ಟ್ರು ಕೀಳೋದು ಹಲ್ಲು ಮಾತ್ರ ಅಲ್ಲ. ಸಹಿ ಹಾಕಿಬಿಡೆ, ಹಡಗು ಹಾಳಾಗಿ ಹೋಗ್ಲಿ."

ಟೈಲರಮ್ಮನ ಕೈ ಒಂದು ಕ್ಷಣ ಪೆನ್ನಿನ ಕಡೆ ಹೋಯಿತು. ಕಿಟಕಿ ಕಣ್ಣಿಗೆ ಕಟ್ಟಿತು. ಆಮೇಲೆ ಕೈ ಹಿಂದೆ ಬಂತು.

"ಈ ಪುಟ ಹೊಡೆದುಹಾಕಿ."

"ಆಗಲ್ಲಮ್ಮ. ಪುಟ ತೆಗೆಯೋಕೆ ಹೆಡ್ ಆಫೀಸು ಒಪ್ಬೇಕು. ಮೂರು ವಾರ."

"ಸೇರಿಸೋಕೆ?"

"ಸೇರಿಸೋದಾದ್ರೆ ನಾನೇ ಸೇರಿಸ್ಬಹುದು. 'ವಿಶೇಷ ಷರತ್ತು' ಅಂತ."

"ಹಾಗಾದ್ರೆ ಸೇರಿಸಿ. ಸದರಿ ಹಡಗನ್ನ ಬ್ಯಾಂಕು ನನ್ನ ಮನೆ ಬಾಗಿಲಿಗೆ ತಂದು ನಿಲ್ಲಿಸಿದ ದಿನದಿಂದ ಈ ಪುಟ ಜಾರಿ. ಅಲ್ಲೀವರೆಗೂ ವಿಮೆ ಇಲ್ಲ, ಬಣ್ಣ ಇಲ್ಲ. ಬಡ್ಡಿ ತಾನಾಗೇ ಇಳಿಯೋದೂ ದಂಡ ಇಲ್ಲದ್ದೂ ಈಗ್ಲೇ ಇಲ್ಲೇ ಬರೀರಿ."

ಸುತ್ತ ಘೋಷಣೆ, ಅಂಗಿಯೊಳಗೆ ಬೆವರು. ಮ್ಯಾನೇಜರು ಬರೆದ, ಮುದ್ರೆ ಒತ್ತಿದ. ನಾದಿನಿ ಉಳಿದ ಇಪ್ಪತ್ತೈದು ಪುಟಗಳನ್ನು ಹರಾಜು ಕೂಗುವವರ ವೇಗದಲ್ಲಿ ಓದಿ ಮುಗಿಸಿದಳು. ಸಹಿ ಬಿತ್ತು. ಗಂಡ ಚೆಕ್ಕು ಹಿಡಿದು ಓಡಿದವನು, ಡಾಕ್ಟರ ಕಟ್ಟಡದ ಲಿಫ್ಟು ಕೆಟ್ಟಿದ್ದು ಕಂಡು, ಜನ್ಮದಲ್ಲಿ ಮೊದಲ ಸಲ ರಿಪೇರಿಗೆ ಕೈಹಾಕದೆ ಐದು ಮಹಡಿ ಮೆಟ್ಟಿಲು ಹತ್ತಿದ. ನಾಲ್ಕಕ್ಕೆ ಎರಡು ನಿಮಿಷವಿತ್ತು.

ಮೂರು ತಿಂಗಳು ಜನ ಬ್ಯಾಂಕಿನ ಮುಂದೆ ಸೋಮವಾರ ಸೋಮವಾರ ನಿಂತು ಹಡಗು ಕೇಳಿದರು. ಕೊನೆಗೆ ವಿಮೆಯ ಹಣ ಬಡ್ಡಿಸಮೇತ ವಾಪಸು ಬಂತು. ಬೇಡಿದ್ದಕ್ಕಲ್ಲ, ಕೂಗಿದ್ದಕ್ಕೆ.

ಚಷ್ಮಾ ತಾತ ಆ ದಿನವೇ ಟೈಲರಮ್ಮನ ಹೊಸ ಮನೆಗೆ ಬಂದ. ಹಿಂದಿನ ಕೋಣೆಯ ತುಂಬ ಬೆಳಕು. ಅವಳು ಕಪ್ಪು ಕೋಟೊಂದಕ್ಕೆ ಗುಂಡಿ ಹಾಕುತ್ತಿದ್ದಳು. ತಾತ ಕುರ್ಚಿಯಲ್ಲಿ ಕೂತು ಸುಮ್ಮನೆ ನಿಟ್ಟುಸಿರುಬಿಟ್ಟ.

"ಯಾಕೆ ತಾತ, ದುಡ್ಡು ಪೂರ್ತಿ ಬರ್ಲಿಲ್ವಾ?"

"ಬಂತು ಕಣಮ್ಮ, ಪೂರ್ತಿ ಬಂತು" ಎಂದ ತಾತ. "ಆದ್ರೆ ನಾನು ಹಡಗಿಗೆ ಹೆಸರೂ ಇಟ್ಟುಬಿಟ್ಟಿದ್ದೆ."